ಸೀಟಿಯ ಕಡೆಗೆ ಓಡಿದವನು

ನನ್ನ ತಮ್ಮ ಪೊಲೀಸರ ಕಡೆಗೆ ಓಡಿದ್ದು ನಿಜ. ಅವನ ಕೈಯಲ್ಲಿ ಕಬ್ಬಿಣದ ಕೊಕ್ಕೆ ಇದ್ದದ್ದೂ ನಿಜ. ಅವರು ಬರೆದುಕೊಂಡಿರುವುದರಲ್ಲಿ ಈ ಎರಡು ಮಾತು ಸರಿ. ಮಿಕ್ಕಿದ್ದೆಲ್ಲ ಸುಳ್ಳು.

ನಾನು ಚೀಲ ಹೊಲಿಯುವವಳು. ಸಗಟು ಮಾರುಕಟ್ಟೆಯ ಹೊರಗೋಡೆಗೆ ಒರಗಿ ಕೂತು ಹರಿದ ಗೋಣಿಗಳನ್ನು ದಬ್ಬಣದಲ್ಲಿ ಹೊಲಿಯುತ್ತೇನೆ. ಗೋಣಿಯ ಧೂಳು ಮೂಗಿನಲ್ಲಿ, ನಾರು ಉಗುರಿನ ಸಂದಿಯಲ್ಲಿ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ಕೈ ಮೊಣಕೈತನಕ ಕೆಸರಾಗಿದೆ. ಮೊಸರಿನ ಕಥೆ ಬಿಡಿ.

ನನ್ನ ತಮ್ಮ ಹಮಾಲಿ. ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗಾಳಿ ಅನ್ನುತ್ತಿದ್ದರು. ಅಷ್ಟು ಜೋರಾಗಿ ಓಡುತ್ತಿದ್ದ. ಹಮಾಲಿಗೆ ಓಟ ಯಾಕೆ ಬೇಕು ಎಂದು ಮಾರುಕಟ್ಟೆಯ ಹೊರಗಿನವರು ಕೇಳುತ್ತಾರೆ. ಬೇಕು. ನಮ್ಮಲ್ಲಿ ಕೆಲಸ ಕಡಿಮೆ, ಹೊಟ್ಟೆ ಜಾಸ್ತಿ. ಲಾರಿ ಬಂತೆಂದರೆ ಮೇಸ್ತ್ರಿ ಸೀಟಿ ಊದುತ್ತಾನೆ. ಊದಿದ ಕೂಡಲೇ ಓಡಬೇಕು. ಲಾರಿಯ ಹಿಂಬಾಗಿಲನ್ನು ಮೊದಲು ಮುಟ್ಟಿ "ನಂದು!" ಎಂದು ಕೂಗಿದವರಿಗೆ ಮಾತ್ರ ಆ ಲೋಡು. ಹಿಂದೆ ಬಿದ್ದವನು ಗೋಡೆ ನೋಡಿಕೊಂಡು ಕೂರಬೇಕು. ಉಣ್ಣುತ್ತಿದ್ದವನು ತುತ್ತು ಬಿಟ್ಟು ಓಡುತ್ತಾನೆ, ಮಲಗಿದ್ದವನು ಕಣ್ಣು ಬಿಡುವ ಮೊದಲೇ ಓಡುತ್ತಾನೆ. ಮದುವೆಯ ದಿನ ಯಾರಾದರೂ ಸೀಟಿ ಊದಿದರೆ ನಮ್ಮ ಗಂಡು ಹೆಣ್ಣಿನ ಕೈ ಬಿಟ್ಟು ಓಡುತ್ತಾನೆ ಎಂದು ಹೆಂಗಸರು ನಗುತ್ತಿದ್ದೆವು. ಈ ಪದ್ಧತಿಯನ್ನು ಮಾಡಿದವರು ನಾವಲ್ಲ, ವ್ಯಾಪಾರಿಗಳು. ಓಡುವವರು ಇದ್ದಷ್ಟು ದಿನ ಕೂಲಿ ಏರಿಸಬೇಕಾಗಿಲ್ಲ ಎಂದು ಅವರಿಗೆ ಗೊತ್ತು.

ಕೊಕ್ಕೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಚೀಲಕ್ಕೆ ಸಿಗಿಸಿ ಬೆನ್ನಿಗೆ ಎಳೆದುಕೊಳ್ಳಲು ಬೇಕಾದ ಸಾಮಾನು ಅದು. ಹಮಾಲಿಗಳು ಅದನ್ನು ಅಂಗೈಯಲ್ಲೇ ಹಿಡಿದು ಮಲಗುತ್ತಾರೆ, ಪಕ್ಕಕ್ಕೆ ಇಟ್ಟರೆ ಕಳವಾಗುತ್ತದೆ ಎಂದು. ಅದರಿಂದ ಮನುಷ್ಯರನ್ನು ಹೊಡೆದದ್ದನ್ನು ನಾನು ನೋಡಿಲ್ಲ.

ಅವತ್ತು ಮಧ್ಯಾಹ್ನ ಗಾಳಿ ನನ್ನಿಂದ ಸ್ವಲ್ಪ ದೂರದಲ್ಲಿ ಫುಟ್‌ಪಾತಿನ ಮೇಲೆ ಮಲಗಿದ್ದ. ಬೆಳಗ್ಗಿನಿಂದ ಸಕ್ಕರೆ ಮೂಟೆ ಇಳಿಸಿದ್ದ. ಬೆನ್ನಿನ ಬೆವರಿಗೆ ಸಕ್ಕರೆ ಅಂಟಿ ಇರುವೆ ಹತ್ತಿದ್ದವು. "ನೋಡಕ್ಕಾ, ಹೆಣ್ಣು ಕೊಡೋರಿಗೆ ಹೇಳು, ನಿಮ್ಮ ಅಳಿಯ ಬಾಳ ಸಿಹಿ ಅಂತ" ಎಂದಿದ್ದ. "ಮುಚ್ಕೊಂಡು ಮಲ್ಕೋ" ಎಂದಿದ್ದೆ. ಅವನ ಜೊತೆ ಇನ್ನೂ ಇಬ್ಬರು ಹಮಾಲಿಗಳು ಮಲಗಿದ್ದರು.

ಆ ರಸ್ತೆಯ ತುದಿಯಲ್ಲಿ ಒಂದು ಹೊಸ ಕಟ್ಟಡ ಆಗಿತ್ತು. ಅದನ್ನು ತೆರೆಯಲು ಯಾರೋ ದೊಡ್ಡವರು ಬರುವವರಿದ್ದರು. ರಸ್ತೆ ಚೊಕ್ಕಟವಾಗಿ ಕಾಣಬೇಕು ಎಂದು ಮೇಲಿನಿಂದ ಮಾತು ಬಂದಿತ್ತು. ಕಸ ಗುಡಿಸಿದ್ದರು. ಗೋಡೆಗೆ ಸುಣ್ಣ ಹೊಡೆದಿದ್ದರು. ಉಳಿದದ್ದು ನಾವು. ನಮ್ಮನ್ನು ಎಬ್ಬಿಸಲು ಪೊಲೀಸರ ವ್ಯಾನು ಬಂತು. ಹಿಂದಿನಿಂದ ನೋಡಿದರೆ ಅದಕ್ಕೂ ಸಾಮಾನು ಸಾಗಿಸುವ ಗಾಡಿಗೂ ವ್ಯತ್ಯಾಸವೇ ಇರಲಿಲ್ಲ. ಅದರಿಂದ ಇಳಿದ ಇನ್‌ಸ್ಪೆಕ್ಟರು ಸೀಟಿ ಊದಿದ.

ಪೆನ್ನು ಮಾರುವವರು, ಹಣ್ಣು ಮಾರುವವರು, ಭಿಕ್ಷೆಯವರು, ಎಲ್ಲರೂ ದೂರ ಓಡಿದರು. ಗಾಳಿ ವ್ಯಾನಿನ ಕಡೆಗೆ ಓಡಿದ. ಅವನ ಹಿಂದೆ ಆ ಇಬ್ಬರೂ ಎದ್ದು ನಾಲ್ಕು ಹೆಜ್ಜೆ ಹಾಕಿದರು. ಖಾಕಿ ಕಂಡು ನಿಂತರು. ಗಾಳಿ ನಿಲ್ಲುವ ಹೊತ್ತಿಗೆ ತಲುಪಿಯೇ ಬಿಟ್ಟಿದ್ದ. ವ್ಯಾನಿನ ಬಾಗಿಲಿಗೆ ಅಂಗೈಯಲ್ಲಿ ಬಡಿದ. ಅರ್ಧ ಮುಚ್ಚಿದ ಕಣ್ಣಲ್ಲೇ ಕೂಗಿದ.

"ನಂದು!"

ಆಮೇಲೆ ಕಣ್ಣು ಬಿಟ್ಟು ನೋಡಿದ. ಅವನಿಗೆ ನಗು ಬಂತು. ಪೊಲೀಸ್ ವ್ಯಾನನ್ನು ನಂದು ಅಂದುಬಿಟ್ಟನಲ್ಲ ಎಂದು ನಗು. ನನಗೂ ಬಂತು. ಓಡಿ ದೂರ ನಿಂತಿದ್ದವರಿಗೂ ಬಂತು. ರಸ್ತೆಗೆ ರಸ್ತೆಯೇ ನಕ್ಕಿತು.

"ತಪ್ಪಾಯ್ತು ಸಾರ್, ಲಾರಿ ಅಂದ್ಕೊಂಡೆ" ಎಂದು ಅವನು ನಗುತ್ತಲೇ ಕೈ ಮುಗಿದ. ಮುಗಿದ ಕೈಯ ನಡುವೆ ಕೊಕ್ಕೆ ಇತ್ತು.

ಇನ್‌ಸ್ಪೆಕ್ಟರಿಗೆ ಕೊಕ್ಕೆಯ ಹೆದರಿಕೆ ಇರಲಿಲ್ಲ. ಅವನ ಮುಖವನ್ನು ನಾನು ನೋಡಿದ್ದೇನೆ. ಅದು ಹೆದರಿದವನ ಮುಖವಲ್ಲ. ನಾಲ್ಕು ಜನರೆದುರು ನಗೆಪಾಟಲಾದವನ ಮುಖ. ದೊಡ್ಡವರು ಬರುವ ಹೊತ್ತಿಗೆ ರಸ್ತೆ ಖಾಲಿಯಿಲ್ಲ ಎಂದು ಬೆಳಗ್ಗಿನಿಂದ ಮೇಲಿನವರಿಂದ ಬೈಸಿಕೊಂಡಿದ್ದನಂತೆ. ಆ ಬೈಗುಳವನ್ನು ಇಳಿಸಲು ಅವನಿಗೊಂದು ಬೆನ್ನು ಬೇಕಿತ್ತು. ಎಂಥ ಭಾರವನ್ನೂ ಬೇಡ ಅನ್ನದ ಬೆನ್ನೊಂದು ತಾನಾಗಿಯೇ ಓಡಿಬಂದಿತ್ತು.

ಮೊದಲ ಏಟು ಬಾಯಿಗೆ ಬಿತ್ತು. ನಗುತ್ತಿದ್ದ ಬಾಯಿಗೆ. ಆಮೇಲೆ ಪೊಲೀಸರೆಲ್ಲ ಸೇರಿಕೊಂಡರು. ನಾನು ದಬ್ಬಣ ಬಿಸಾಕಿ ಓಡಿದೆ. "ಹಮಾಲಿ ಸಾರ್, ಹಮಾಲಿ, ಸೀಟಿ ಕೇಳಿ ಬಂದ" ಎಂದು ಅರಚಿದೆ. ಒಬ್ಬ ನನ್ನ ಎದೆಗೆ ಕೋಲು ಅಡ್ಡ ಹಿಡಿದು ಗೋಡೆಗೆ ಒತ್ತಿದ. ಕೋಲುಗಳ ನಡುವೆ ತಮ್ಮನ ಕಾಲು ಕಾಣುತ್ತಿತ್ತು. ಬಿದ್ದ ಮೇಲೂ ಆ ಕಾಲು ಓಡುತ್ತಲೇ ಇತ್ತು. ಹೊಡೆಯುತ್ತಿದ್ದವರಲ್ಲಿ ಒಬ್ಬನನ್ನು ನಾನು ಗುರುತಿಸಿದೆ. ಅವನು ಬಾಲ.

ಬಾಲ ನಮ್ಮ ಮಾರುಕಟ್ಟೆಯ ಹುಡುಗ. ಅವನಪ್ಪ ಮುದುಕ ಹಮಾಲಿ. ಪ್ರಾಯದಲ್ಲಿ ಒಂದರ ಮೇಲೊಂದು ಎರಡು ಚೀಲ ಹೊರುತ್ತಿದ್ದ. ಅದಕ್ಕೇ ಅವನನ್ನು ಎರಡುಚೀಲ ಎಂದೇ ಕರೆಯುತ್ತೇವೆ. ಈಗ ಸೊಂಟ ಬಗ್ಗುವುದಿಲ್ಲ. ಬಾಲನ ಅವ್ವ ಸತ್ತ ಮೇಲೆ ಅವನು ಬೆಳೆದದ್ದು ನನ್ನ ಒಲೆಯ ಮುಂದೆ. ಗಾಳಿ ಹೋದಲ್ಲೆಲ್ಲ ಹಿಂದೆ ಹೋಗುತ್ತಿದ್ದ, ಅದಕ್ಕೇ ಬಾಲ. ಮೀಸೆ ಮೂಡಿದ ಮೇಲೆ ಅವನೂ ಒಂದಷ್ಟು ಕಾಲ ಸೀಟಿಗೆ ಓಡಿದ್ದಾನೆ, ಚೀಲ ಹೊತ್ತಿದ್ದಾನೆ. ಅವನಿಗೆ ಪೊಲೀಸ್ ಕೆಲಸ ಸಿಕ್ಕ ದಿನ ಎರಡುಚೀಲ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಇಡೀ ಮಾರುಕಟ್ಟೆ ಸುತ್ತಿದ್ದ. "ಇದು ನಾನು ಹೊರೋ ಕಡೇ ಮೂಟೆ ಕಣ್ರೋ" ಎಂದು ಕುಣಿದಿದ್ದ. ಇನ್ನು ನಮ್ಮನ್ನು ಯಾರೂ ಮುಟ್ಟುವುದಿಲ್ಲ, ನಮ್ಮವನೇ ಒಬ್ಬ ಒಳಗಿದ್ದಾನೆ ಎಂದುಕೊಂಡಿದ್ದೆವು.

ಆಸ್ಪತ್ರೆಯಲ್ಲಿ ಗಾಳಿಯ ಕೈಯನ್ನು ಮಂಚಕ್ಕೆ ಬೇಡಿ ಹಾಕಿ ಕಟ್ಟಿದ್ದರು. ಪೊಲೀಸರ ಮೇಲೆ ಮಾರಕಾಸ್ತ್ರದಿಂದ ಹಲ್ಲೆ, ಸರ್ಕಾರಿ ವಾಹನಕ್ಕೆ ಹಾನಿ ಎಂದು ಕೇಸು. ಎರಡು ಕಾಲೂ ಮುರಿದವನು ಓಡಿಹೋಗುತ್ತಾನೆಂದು ಬೇಡಿ. ಡಾಕ್ಟರನ್ನು ಕೇಳಿದರೆ "ಬಿದ್ದಿರಬಹುದು, ಏಟೂ ಇರಬಹುದು, ಹೀಗೇ ಅಂತ ಹೇಳೋಕಾಗಲ್ಲ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ನನ್ನನ್ನು ಒಳಗೆ ಬಿಡುತ್ತಿದ್ದದ್ದು ಸ್ವಲ್ಪ ಹೊತ್ತು. ಮಿಕ್ಕ ಹೊತ್ತು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದೆ. ಅಲ್ಲೊಂದು ಟಿವಿ ಇತ್ತು. ಒಂದು ದಿನ ಅದರಲ್ಲಿ ಯಾವುದೋ ದೇಶದ ಹೆಂಗಸನ್ನು ತೋರಿಸಿದರು. ರಸ್ತೆಯಲ್ಲಿ ಕೂತು ಮಗನ ಫೋಟೋ ಹಿಡಿದು ಅಳುತ್ತಿದ್ದಳು. ಹಿಂದೆ ಪೊಲೀಸರು ಸಾಲಾಗಿ ನಿಂತಿದ್ದರು. ಅವರ ಟೋಪಿ ಬೇರೆ ಥರ, ಬಟ್ಟೆ ಬೇರೆ ಬಣ್ಣ. ಮುಖ ಮಾತ್ರ ನಮ್ಮ ಇನ್‌ಸ್ಪೆಕ್ಟರದೇ. ಅವಳ ಭಾಷೆ ನನಗೆ ಬರುವುದಿಲ್ಲ. ಏನು ಕೇಳುತ್ತಿದ್ದಾಳೆಂದು ಮಾತ್ರ ಗೊತ್ತಾಯಿತು. ಪಕ್ಕದಲ್ಲಿದ್ದವರು ಚಾನೆಲ್ಲು ಬದಲಾಯಿಸಿದರು.

ಗಾಳಿ ನನ್ನ ಜೊತೆ ಸರಿಯಾಗಿ ಮಾತಾಡಿದ್ದು ಒಂದೇ ಸಲ. ತುಟಿ ಒಡೆದಿತ್ತು. ಬಗ್ಗಿ ಕೇಳಬೇಕಾಯಿತು.

"ನಾನೇನು ಮಾಡ್ದೆ ಅಂತ ಅವರನ್ನ ಕೇಳ್ದೆ ಕಣಕ್ಕಾ. ಹೊಡೀತಾನೇ ಇದ್ರು, ಕೇಳ್ತಾನೇ ಇದ್ದೆ. ಒಬ್ಬನಾದ್ರೂ ಹೇಳ್ಬೇಕಲ್ಲ?"

"ಸುಮ್ಕಿರು, ಮಾತಾಡ್ಬೇಡ."

"ನಾನು ಹೊಡೆಯೋಕೆ ಹೋಗಿರ್ಲಿಲ್ಲ. ಅದನ್ನ ಹೇಳು ಅವರಿಗೆ. ಕೆಲಸಕ್ಕೆ ಹೋಗಿದ್ದೆ ಅಂತ ಹೇಳು."

"ಹೇಳ್ತೀನಿ."

"ಎಲ್ಲರಿಗೂ ಹೇಳು."

ಮಾರನೆಯ ದಿನ ಅವನು ಸತ್ತ. ಬೇಡಿ ಬಿಚ್ಚುವ ಕೀಲಿ ಯಾರದೋ ಜೇಬಿನಲ್ಲಿ ಉಳಿದಿತ್ತು. ಅದು ಬರುವ ತನಕ ನನ್ನ ತಮ್ಮನ ಹೆಣ ಮಂಚಕ್ಕೆ ಕಟ್ಟಿಕೊಂಡೇ ಇತ್ತು.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಮತ್ತೆ ಗೋಡೆಗೆ ಒರಗಿ ಚೀಲ ಹಿಡಿದೆ. ಅಲ್ಲಿಗೆ ಬಾಲ ಬಂದ. ಖಾಕಿ ಇಲ್ಲ, ಹಳೆಯ ಅಂಗಿ. ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ನಾನು ಹೊಲಿಗೆ ನಿಲ್ಲಿಸಲಿಲ್ಲ.

"ಅಕ್ಕಾ, ಅವನು ಎದ್ದಾಗ್ಲೇ ನಾನು ನೋಡ್ದೆ. ಯಾಕೆ ಓಡಿ ಬರ್ತಿದಾನೆ ಅಂತ ನನಗೆ ಗೊತ್ತಾಯ್ತು. ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟೊತ್ತಿಗೆ ಸಾಹೇಬ್ರು ಹೊಡೆದಾಗಿತ್ತು."

"ಆಮೇಲೆ?"

"ಆಮೇಲೆ ಎಲ್ಲರೂ ಹೊಡೀತಿದ್ರು."

"ನೀನು?"

ಅವನು ನೆಲ ನೋಡಿದ. "ಸ್ಟೇಷನ್ನಲ್ಲಿ ನನ್ನನ್ನ ಮೂಟೆ ಅಂತ ಕರೀತಾರೆ ಅಕ್ಕಾ. ಸಾಹೇಬರ ಬೂಟು ಒರೆಸೋದು ನಾನು. ಅವರ ಮನೆ ನೀರು ಹಿಡಿಯೋದು ನಾನು. ರಜೆ ಕೇಳಿದ್ರೆ ಹೋಗಿ ಚೀಲ ಹೊರು ಅಂತಾರೆ. ಅವತ್ತು ನಾನೊಬ್ಬ ಕೈಕಟ್ಟಿ ನಿಂತಿದ್ರೆ... ಇವನು ಅವರ ಕಡೆಯವನು ಅಂತ..." ನನ್ನ ಪಾದ ಮುಟ್ಟಿದ. "ಕಾಲಿಗೆ ಮಾತ್ರ ಹೊಡೆದೆ ಅಕ್ಕಾ. ನಿನ್ನಾಣೆ. ತಲೆಗೆ ಹೊಡೀಲಿಲ್ಲ. ಕಾಲಿಗೆ ಮಾತ್ರ."

ದಬ್ಬಣ ನನ್ನ ಅಂಗೈಗೆ ಚುಚ್ಚಿಕೊಂಡಿತು. ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಅವನನ್ನು ಬಾಚಿ ತಬ್ಬಿಕೊಂಡು ಅಳಬೇಕು ಎಂದೂ ಅನ್ನಿಸಿತು. ಅದನ್ನು ಬಚ್ಚಿಟ್ಟು ನಾನೇನು ಮಾಡಲಿ? ಅವರಿಬ್ಬರಿಗೂ ಒಂದೇ ತಟ್ಟೆಯಲ್ಲಿ ಕಲಸಿ ಕೊಟ್ಟವಳು ನಾನು.

"ಅವನ ಸಾವಿನ ವಿಚಾರಣೆ ಇದೆಯಂತೆ" ಎಂದೆ. "ಅಲ್ಲಿ ಇದನ್ನೇ ಹೇಳು. ಹೊಡೆಯೋಕೆ ಬರ್ಲಿಲ್ಲ, ಕೆಲಸಕ್ಕೆ ಬಂದ ಅಂತ. ಅಷ್ಟು ಸಾಕು ನನಗೆ. ನೀನು ಹೊಡೆದದ್ದನ್ನ ನಾನು ಎತ್ತಲ್ಲ."

"ಕೆಲಸ ಹೋಗುತ್ತೆ ಅಕ್ಕಾ."

"ಅವನಿಗೆ ಜೀವ ಹೋಯ್ತು."

ಬಾಲ ಎದ್ದು ಹೋದ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹೂಂ ಎಂದೇ ನಾನು ಅಂದುಕೊಂಡೆ.

ವಿಚಾರಣೆ ಒಂದು ಸರ್ಕಾರಿ ಹಾಲಿನಲ್ಲಿ ನಡೆಯಿತು. ಅಧಿಕಾರಿ ಪೊಲೀಸಿನವರಲ್ಲ, ನರೆತ ಕೂದಲಿನ ಮೆತ್ತನೆ ಮಾತಿನವರು. ಇನ್‌ಸ್ಪೆಕ್ಟರು ಅವರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಬಾಲ ಬಾಗಿಲಲ್ಲಿ ಕಾವಲು ನಿಂತಿದ್ದ. ಹಮಾಲಿಗಳು ಹಿಂದುಗಡೆ ನೆಲದ ಮೇಲೆ. ಮೇಸ್ತ್ರಿ ಬೇಡ ಬೇಡ ಅನ್ನುತ್ತಲೇ ಬಂದಿದ್ದ. "ಬಡವನ ಕೋಪ ದವಡೆಗೆ ಮೂಲ ಕಣಮ್ಮ, ಬಾಯಿ ಜಾಸ್ತಿ ಮಾಡ್ಬೇಡ" ಎಂದು ನನಗೆ ಬುದ್ಧಿ ಹೇಳಿದ್ದ. ಎರಡುಚೀಲವೂ ಬಂದಿದ್ದ. ಮಗ ನಿಜ ಹೇಳುತ್ತಾನೆಂದು ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

ಅಧಿಕಾರಿ ಮೊದಲು ಬಾಲನನ್ನು ಕರೆದು ಕೇಳಿದರು. "ಮೃತನ ಪರಿಚಯ ಇತ್ತಾ?"

"ಇಲ್ಲ ಸರ್."

"ಮಾರುಕಟ್ಟೆಯಲ್ಲಿ ಸೀಟಿ ಊದಿದರೆ ಓಡಿಬರುವ ಪದ್ಧತಿ ಇದೆ ಅಂತ ಈಕೆ ಹೇಳ್ತಾಳೆ. ನಿನಗೆ ಗೊತ್ತಾ?"

"ನಾನು ಆ ಕಡೆ ಹೋದವನಲ್ಲ ಸರ್."

ಅಷ್ಟು ಹೇಳಿ ಬಾಗಿಲಿಗೆ ಹೋಗಿ ನಿಂತ. ಎರಡುಚೀಲ ನನ್ನ ಕಡೆ ತಿರುಗಿ "ಏನಂದ?" ಎಂದು ಕೇಳಿದ. ಅವನಿಗೆ ಕೇಳಿಸಿತ್ತು. ಆದರೂ ಕೇಳಿದ.

ಅಧಿಕಾರಿ ನನ್ನನ್ನು ಎಬ್ಬಿಸಿದರು. "ನೋಡಮ್ಮ, ನಿನ್ನ ದುಃಖ ನನಗೆ ಅರ್ಥ ಆಗುತ್ತೆ. ಆದ್ರೆ ಪೊಲೀಸ್ ಸೀಟಿ ಕೇಳಿದ್ರೆ ಜನ ದೂರ ಓಡ್ತಾರೆ. ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ ಅಂದ ಹಾಗೆ ನಿನ್ನ ತಮ್ಮ ಮಾತ್ರ ಹತ್ತಿರ ಯಾಕೆ ಓಡಿದ? ಅದೂ ಆಯುಧ ಹಿಡ್ಕೊಂಡು? ಹೊಡೆಯೋ ಉದ್ದೇಶ ಇಲ್ದೆ ಯಾರಾದ್ರೂ ಹಾಗೆ ಓಡ್ತಾರಾ?"

ಹಸಿದು ನೋಡದವರಿಗೆ ಅದನ್ನು ಯಾವ ಮಾತಿನಲ್ಲಿ ಹೇಳುವುದು? ಮೇಸ್ತ್ರಿಯ ಕೊರಳಿನಲ್ಲಿ ದಾರಕ್ಕೆ ಸೀಟಿ ನೇತಾಡುತ್ತಿತ್ತು. ಮಲಗುವಾಗಲೂ ಅವನು ಅದನ್ನು ತೆಗೆಯುವುದಿಲ್ಲ. ನಾನು ಹಿಂದಕ್ಕೆ ಹೋಗಿ ಬಗ್ಗಿದೆ. ಅವನು "ಏಯ್, ಏಯ್" ಅನ್ನುವಷ್ಟರಲ್ಲಿ ಅದನ್ನು ಎಳೆದುಕೊಂಡು ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಊದಿದೆ.

ಇಡೀ ಹಿಂದಿನ ಸಾಲು ಎದ್ದಿತು. ತೂಕಡಿಸುತ್ತಿದ್ದವರು ಎದ್ದರು. ಒಬ್ಬ ಕುರ್ಚಿ ಹಾರಿದ, ಒಬ್ಬ ಮೇಜಿಗೆ ಡಿಕ್ಕಿ ಹೊಡೆದ. ಸೊಂಟ ಬಗ್ಗದ ಎರಡುಚೀಲ ಗೋಡೆ ಹಿಡಿದು ಎದ್ದು ಎರಡು ಹೆಜ್ಜೆ ಹಾಕಿಯೇಬಿಟ್ಟ. ಬಾಗಿಲಲ್ಲಿದ್ದ ಬಾಲ ಎಲ್ಲರಿಗಿಂತ ಮುಂದೆ ಬಂದಿದ್ದ. ಹಾಲಿನ ನಡುವಿನತನಕ ಓಡಿ ಬಂದಿದ್ದ. ಟೋಪಿ ಬಿದ್ದಿತ್ತು. ಬಲಗೈ ಮುಂದಕ್ಕೆ ಚಾಚಿತ್ತು, ಲಾರಿಯ ಬಾಗಿಲು ಮುಟ್ಟಲು.

ಎಲ್ಲರೂ ನಿಂತಲ್ಲೇ ನಿಂತರು. ಅಧಿಕಾರಿ ನೋಡಿದರು. ಇನ್‌ಸ್ಪೆಕ್ಟರು ನೋಡಿದ. ನೋಡಲಿಲ್ಲ ಎಂದು ಯಾರೂ ಹೇಳುವ ಹಾಗಿರಲಿಲ್ಲ.

"ನೀನು ಯಾಕಯ್ಯ ಓಡಿ ಬಂದೆ?" ಎಂದು ಅಧಿಕಾರಿ ಬಾಲನನ್ನು ಕೇಳಿದರು.

ಬಾಲ ನನ್ನನ್ನು ನೋಡಿದ. ಅಪ್ಪನನ್ನು ನೋಡಿದ. ಅವನ ತುಟಿ ಅಲ್ಲಾಡಿತು. ಹೇಳುತ್ತಾನೆ ಎಂದುಕೊಂಡೆ. ಹೇಳಪ್ಪ, ಹೇಳು ನನ್ನಪ್ಪ ಎಂದು ಒಳಗೇ ಬೇಡಿಕೊಂಡೆ. ಇನ್‌ಸ್ಪೆಕ್ಟರು ಒಂದು ಸಲ ಕೆಮ್ಮಿದ.

"ಗಲಾಟೆ ತಡೆಯೋಕೆ ಬಂದೆ ಸರ್" ಎಂದ ಬಾಲ.

ಎರಡುಚೀಲ ನಿಧಾನಕ್ಕೆ ಮುಂದೆ ನಡೆದ. ನೆಲದ ಟೋಪಿ ಎತ್ತಲು ಬಹಳ ಹೊತ್ತು ಬೇಕಾಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಅದರ ಧೂಳನ್ನು ತನ್ನ ಒಗೆದ ಅಂಗಿಗೆ ಒರೆಸಿ ಮಗನ ತಲೆಗೆ ಇಟ್ಟ. ಕಣ್ಣಿನತನಕ ಕೆಳಗೆ ಎಳೆದ.

"ಸರಿಯಾಗಿ ಹಾಕ್ಕೋ" ಎಂದ. "ಮುಖ ಕಾಣ್ತಾ ಇದೆ."

ತಿರುಗಿ ಹೊರಗೆ ಹೋದ.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಸೀಟಿ ಊದಿದ್ದನ್ನೆಲ್ಲ ಸಾಕ್ಷಿ ಅಂತ ಬರೆಯೋಕಾಗಲ್ಲಮ್ಮ. ಇನ್ನೊಂದು ಮಾತು ಹೇಳ್ತೀನಿ, ಸಮಾಧಾನ ಮಾಡ್ಕೋ. ಆರೋಪಿ ತೀರಿಕೊಂಡಿದ್ದರಿಂದ ನಿನ್ನ ತಮ್ಮನ ಮೇಲಿನ ಕೇಸು ತಾನಾಗೇ ಬಿದ್ದುಹೋಗುತ್ತೆ. ಇಲ್ಲಿಗೆ ಮುಗೀತು. ನಿಮಗೆ ಯಾವ ತೊಂದರೆನೂ ಇಲ್ಲ. ಮನೆಗೆ ಹೋಗು."

ಹಮಾಲಿಗಳು ನಿಟ್ಟುಸಿರು ಬಿಟ್ಟರು. ಮೇಸ್ತ್ರಿ ಕೈ ಮುಗಿದ. "ದೊಡ್ಡ ಮನಸ್ಸು ಮಾಡಿದ್ರಿ ಸ್ವಾಮಿ" ಎಂದ. ಇನ್‌ಸ್ಪೆಕ್ಟರು ಎದ್ದು ಬೆಲ್ಟು ಸರಿಮಾಡಿಕೊಂಡ.

ನನ್ನ ತಮ್ಮ ಹೊಡೆಯಲು ಹೋದವನಾಗಿಯೇ ಸತ್ತ. ಹೋಗಿರಲಿಲ್ಲ ಎಂದು ಇನ್ನು ಯಾರೂ ಯಾವತ್ತೂ ಹೇಳುವುದಿಲ್ಲ. ಅದನ್ನು ಉಪಕಾರ ಎಂದು ನನ್ನ ಕೈಗೆ ಕೊಡುತ್ತಿದ್ದರು.

"ಬೀಳಿಸ್ಬೇಡಿ" ಎಂದೆ.

"ಏನು?"

"ಕೇಸು ಬೀಳಿಸ್ಬೇಡಿ. ನಡೆಸಿ. ಅವನು ಹೊಡೆಯೋಕೆ ಬಂದ ಅಂತ ತೋರಿಸಿ. ತೋರಿಸೋಕಾಗದಿದ್ರೆ ಬರಲಿಲ್ಲ ಅಂತ ಬರೀರಿ."

"ಸತ್ತವನ ಮೇಲೆ ವಿಚಾರಣೆ ನಡೆಸೋಕೆ ಕಾನೂನಿಲ್ಲಮ್ಮ."

"ವಿಚಾರಣೆ ಇಲ್ದೆ ಸಾಯ್ಸೋಕೆ ಇತ್ತಾ? ಶಿಕ್ಷೆ ಕೊಟ್ಟಾಯ್ತಲ್ಲ ಸ್ವಾಮಿ. ಈಗಲಾದ್ರೂ ವಿಚಾರಣೆ ಮಾಡಿ!"

ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಅಧಿಕಾರಿ ಕಾಗದ ಜೋಡಿಸಿಕೊಂಡು ಒಳಬಾಗಿಲಿನಿಂದ ಹೋದರು. ನಾನು ಹಾಲಿನ ನಡುವೆ ನೆಲದ ಮೇಲೆ ಕೂತೆ. ಮೇಸ್ತ್ರಿ ರಟ್ಟೆ ಹಿಡಿದು ಎಳೆದ. ಅವನ ಕೈ ಕೊಡವಿದೆ. ಅವನಿಗೆ ಲಾರಿಯ ಹೊತ್ತಾಗಿತ್ತು, ಹೋದ. ಹಮಾಲಿಗಳು ಬಾಗಿಲಲ್ಲಿ ಗುಂಪು ಕಟ್ಟಿ ನಿಂತರು. ಹೋಗಲೂ ಮನಸ್ಸಿಲ್ಲ, ಬಂದು ನನ್ನ ಪಕ್ಕ ಕೂರಲೂ ಧೈರ್ಯವಿಲ್ಲ. ಅವರನ್ನು ನಾನು ಬೈಯುವುದಿಲ್ಲ. ಅವರ ಮನೆಯಲ್ಲೂ ಒಲೆ ಇದೆ.

"ಲೇ ಮೂಟೆ" ಎಂದು ಇನ್‌ಸ್ಪೆಕ್ಟರು ಬಾಲನನ್ನು ಕರೆದ. "ಇವಳನ್ನ ಆಚೆ ಹಾಕು."

ಬಾಲ ಬಂದ. ಬಗ್ಗಿ ನನ್ನ ತೋಳಿನ ಕೆಳಗೆ ಕೈ ಹಾಕಿದ. ಟೋಪಿ ಇನ್ನೂ ಅವನಪ್ಪ ಎಳೆದ ಹಾಗೇ ಕಣ್ಣಿನ ಮೇಲಿತ್ತು. ಅದರ ಕೆಳಗಿನಿಂದ ನೀರು ಇಳಿದು ಗಲ್ಲದಿಂದ ನನ್ನ ಕೈಮೇಲೆ ಬೀಳುತ್ತಿತ್ತು.

"ಏಳಕ್ಕಾ" ಎಂದು ಕಿವಿಯ ಹತ್ತಿರ ಪಿಸುಗುಟ್ಟಿದ. "ಕೈ ಮುಗೀತೀನಿ, ಎದ್ದೇಳು. ಅವರು ನೋಡ್ತಿದಾರೆ. ನನ್ನ ಕೈಲಿ ಹೊಡೆಸ್ಬೇಡ."

ಎದ್ದುಬಿಡೋಣ ಅನ್ನಿಸಿತು. ಇಬ್ಬರಲ್ಲಿ ಉಳಿದವನು ಇವನೊಬ್ಬನೇ, ಇವನಿಗಾದರೂ ತೊಂದರೆ ಬೇಡ, ಎದ್ದು ಹೋಗಿ ಚೀಲ ಹೊಲಿಯೋಣ ಅನ್ನಿಸಿತು. ಕರುಳು ಅಷ್ಟು ಕೆಟ್ಟದ್ದು. ನಾನು ಎರಡೂ ಅಂಗೈಯನ್ನು ನೆಲಕ್ಕೆ ಊರಿದೆ.

"ನಿನಗೆ ಅವರು ಏನು ಹೇಳಿದಾರೋ ಅದನ್ನ ಮಾಡು" ಎಂದೆ. "ನನಗೆ ನನ್ನ ತಮ್ಮ ಒಂದು ಮಾತು ಹೇಳಿ ಹೋಗಿದಾನೆ."

"ಅಕ್ಕಾ..."

"ನಾನು ಏಳಲ್ಲ."

ಬಾಲ ಅಳುತ್ತಲೇ ಎಳೆದ. ನಾನು ಏಳಲಿಲ್ಲ.